30 ಸ್ಲೈಡ್ ಮಾಡ್ಕೊಂಡು ಹೋಗಿದ್ದೆ, 4ನೇ ಸ್ಲೈಡ್‌ಗೇ ನಿಲ್ಸಿಬಿಟ್ರು. ದೊಡ್ಡವರ ಮುಂದೆ ಐಡಿಯಾ ಇಡೋದು ಹೇಗೆ?

ಪಂಪ್‌ಹೌಸ್ ಹುಡುಗ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ಒಂದು ಫ್ಯಾಕ್ಟರಿ ಮೇಂಟೆನೆನ್ಸ್‌ನಲ್ಲಿ 6 ವರ್ಷದಿಂದ ಇದೀನಿ. ಪಂಪು, ಮೋಟ್ರು, ಬ್ಲೋವರ್ ಎಲ್ಲಾ ಸೇರಿ ನೂರಕ್ಕೂ ಮೇಲೆ ಇವೆ, ಕೆಟ್ಟೋದ್ಮೇಲೆ ಓಡೋಗಿ ರಿಪೇರಿ ಮಾಡೋದೇ ಇಲ್ಲೀವರೆಗೂ ನಡ್ಕೊಂಡು ಬಂದಿರೋದು. ಆದ್ರೆ ಬೇರಿಂಗ್ ಸಾಮಾನ್ಯವಾಗಿ ಏಕಾಏಕಿ ಹೋಗಲ್ಲ, ಎಷ್ಟೋ ಸಲ ವಾರಗಟ್ಲೆ ಮುಂಚೆಯಿಂದ್ಲೇ ವೈಬ್ರೇಷನ್‌ನಲ್ಲಿ ಸುಳಿವು ಕೊಡ್ತಾ ಇರುತ್ತೆ, ಅದನ್ನ ಹಿಡಿಯೋಕೆ ಸೆನ್ಸರ್ ಇದೆ, ಹೊಸ ವಿಷ್ಯ ಏನಲ್ಲ.

ಮುಖ್ಯ ಪಂಪ್‌ಗಳಿಗೆಲ್ಲ ಸೆನ್ಸರ್ ಹಾಕೋಣ ಅಂತ ಮೂರು ತಿಂಗಳು ರಾತ್ರಿ ಕೂತು ಪ್ರಪೋಸಲ್ ರೆಡಿ ಮಾಡಿದೆ. ಪ್ಲಾಂಟ್ ಹೆಡ್, ಫೈನಾನ್ಸ್ ಹೆಡ್, ಪ್ರೊಡಕ್ಷನ್ ಹೆಡ್ ಮೂರೂ ಜನ ಕೂತಿದ್ರು, 20 ನಿಮಿಷ ಟೈಮು. ಮೊದ್ಲು ಬೇರಿಂಗ್ ಹೇಗೆ ಹಾಳಾಗುತ್ತೆ, ಆಮೇಲೆ ಸೆನ್ಸರ್ ಹೇಗೆ ಕೆಲ್ಸ ಮಾಡುತ್ತೆ, ಆಮೇಲೆ ಎಷ್ಟು ತರದ ಸೆನ್ಸರ್ ಸಿಗುತ್ತೆ, ಹೀಗೆ ಕಟ್ಕೊಂಡು ಹೋಗಿ ಕಟ್ಟಕಡೇ ಸ್ಲೈಡ್‌ನಲ್ಲಿ ಇಷ್ಟು ದುಡ್ಡು ಬೇಕು ಅಂತ ಇಟ್ಟಿದ್ದೆ. 4ನೇ ಸ್ಲೈಡ್‌ಗೆ ಬಂದಾಗ ಪ್ಲಾಂಟ್ ಹೆಡ್ ಕೈ ಎತ್ತಿ "ಸರಿ, ಈಗ ನನ್ನಿಂದ ಏನಾಗ್ಬೇಕು ಹೇಳಿ" ಅಂದ್ರು. ನಾನು "ಸರ್, ಅದು ಮುಂದೆ ಬರುತ್ತೆ" ಅಂದೆ. ಫೈನಾನ್ಸ್‌ನವ್ರು ಎಷ್ಟು ವರ್ಷದಲ್ಲಿ ದುಡ್ಡು ವಾಪಸ್ ಬರುತ್ತೆ ಅಂತ ಕೇಳಿದ್ರು, ಪ್ರೊಡಕ್ಷನ್‌ನವ್ರು ಹಾಕೋಕೆ ಲೈನ್ ನಿಲ್ಲಿಸ್ಬೇಕಾ ಅಂತ ಕೇಳಿದ್ರು, ಅಲ್ಲಿಗೇ ಮೀಟಿಂಗ್ ಮುಗೀತು. "ಒಳ್ಳೆ ಪ್ರಯತ್ನ, ಮುಂದಿನ ವರ್ಷ ನೋಡೋಣ." ಹೋದ ವಾರ ಅದೇ ಪಂಪ್‌ಗಳಲ್ಲಿ ಒಂದು ನಿಂತೋಯ್ತು, ಲೈನ್ ಎರಡು ದಿನ ಬಂದ್. ತುಂಬಾ ಬೇಜಾರಾಗಿದೆ. ಐಡಿಯಾ ತಪ್ಪಾ, ನಾನು ಹೇಳಿದ ರೀತಿ ತಪ್ಪಾ? ಅನುಭವ ಇರೋರು ಹೇಳಿ.

ಕೋಡ್ ಬರಿಯೋನು:

ಹೇಳಿದ ಕ್ರಮ ತಪ್ಪು ಅನ್ಸುತ್ತೆ ಬ್ರೋ. ನಾವು ಟೆಕ್ನಿಕಲ್ ಜನ ಓದಿದ್ದೇ ಹಾಗೆ, ಮೊದ್ಲು ಹಿನ್ನೆಲೆ, ಆಮೇಲೆ ವಿಧಾನ, ಆಮೇಲೆ ಫಲಿತಾಂಶ, ಕೊನೆಗೆ ತೀರ್ಮಾನ. ಮೇಲಿನವ್ರಿಗೆ ಅದನ್ನ ಪೂರ್ತಿ ತಿರುಗಿಸಿ ಕೊಡ್ಬೇಕು. ಮೆಕಿನ್ಸೆ ಅನ್ನೋ ಸಲಹಾ ಕಂಪನಿಯಲ್ಲಿ ಬಾರ್ಬರಾ ಮಿಂಟೋ ಅನ್ನೋರು ಕನ್ಸಲ್ಟೆಂಟ್‌ಗಳಿಗೆ ಕಲಿಸಿದ್ದು ಇದನ್ನೇ, ಉತ್ತರ ಮೊದ್ಲು, ಅದರ ಕೆಳಗೆ ಕಾರಣಗಳು, ಒಂದೊಂದು ಕಾರಣದ ಕೆಳಗೆ ಅದರ ಪುರಾವೆ. ಕೇಳೋರು ಎಲ್ಲಿ ಬೇಕಾದ್ರೂ ನಿಲ್ಲಿಸ್ಲಿ, ಅಷ್ಟೊತ್ತಿಗೆ ಮುಖ್ಯವಾದದ್ದು ಅವ್ರ ಕಿವಿಗೆ ಬಿದ್ದಿರುತ್ತೆ. ನಿನ್ನ ಕೇಸಲ್ಲಿ 4ನೇ ಸ್ಲೈಡ್‌ಗೆ ನಿಲ್ಲಿಸ್ದಾಗ ಅವ್ರಿಗೆ ಗೊತ್ತಿದ್ದಿದ್ದು ಬೇರಿಂಗ್ ಹೇಗೆ ಸವೆಯುತ್ತೆ ಅನ್ನೋದು ಮಾತ್ರ.

ನಿವೃತ್ತ ಜಿಎಂ:

ತಮ್ಮಾ, ನಾನು ಮೇಜಿನ ಆ ಕಡೆ 14 ವರ್ಷ ಕೂತಿದ್ದವನು. ಅಲ್ಲಿ ಕೂತವ್ರ ತಲೇಲಿ ಏನ್ ಓಡ್ತಿರುತ್ತೆ ಅಂತ ಹೇಳ್ತೀನಿ, ಇದನ್ನ ಯಾರೂ ಬಾಯ್ಬಿಟ್ಟು ಹೇಳಲ್ಲ.

ನಿನ್ನ ಮೀಟಿಂಗ್‌ಗೆ ಮುಂಚೆ ಇನ್ನೊಂದು ಮೀಟಿಂಗ್ ಆಗಿರುತ್ತೆ, ಅಲ್ಲಿ ಏನೋ ಕೆಟ್ಟ ಸುದ್ದಿ ಬಂದಿರುತ್ತೆ, ನೀನು ಬೇರಿಂಗ್ ಚಿತ್ರ ತೋರಿಸ್ತಾ ಇದ್ರೂ ಮನಸ್ಸು ಅರ್ಧ ಅಲ್ಲೇ ಇರುತ್ತೆ. ನನ್ನ ಮುಂದೆ ಒಂದು ಪ್ರಪೋಸಲ್ ಬಂದ್ರೆ ಒಳಗೊಳಗೇ ಕೇಳ್ಕೊಳ್ತಿದ್ದ ಪ್ರಶ್ನೆಗಳು ಇಷ್ಟೇ. ಇದಕ್ಕೆ ಹೂಂ ಅಂದ್ರೆ ನಾಳೆ ನನ್ನ ಮೇಲಿನವ್ರು ಕೇಳ್ದಾಗ ಎರಡು ವಾಕ್ಯದಲ್ಲಿ ಸಮರ್ಥನೆ ಮಾಡ್ಕೊಳ್ಳೋಕಾಗುತ್ತಾ? ಕೈ ಕೊಟ್ರೆ ಹಿಂದಕ್ಕೆ ಬರೋಕಾಗುತ್ತಾ? ಈ ಹುಡುಗ ನಾಳೆ ಕೆಲ್ಸ ಬಿಟ್ಟೋದ್ರೆ ಇದನ್ನ ನೋಡ್ಕೊಳ್ಳೋರು ಯಾರು? ಇದೇ ವರ್ಷ ಯಾಕೆ? ಇದಕ್ಕೆ ಜನ, ಟೈಮು ಕೊಟ್ರೆ ಬೇರೆ ಯಾವ ಕೆಲ್ಸ ನಿಲ್ಲುತ್ತೆ? ಸೆನ್ಸರ್ ಹೇಗೆ ಕೆಲ್ಸ ಮಾಡುತ್ತೆ ಅನ್ನೋದು ಈ ಪಟ್ಟೀಲೇ ಇಲ್ಲ ನೋಡು. ಅದು ನಿನ್ನ ಜವಾಬ್ದಾರಿ, ನಿನ್ನನ್ನ ನಂಬಿಯೇ ಅಲ್ಲಿಟ್ಟಿರೋದು.

ಇನ್ನೊಂದು ಮಾತು. "ಮುಂದಿನ ವರ್ಷ ನೋಡೋಣ" ಅನ್ನೋದು ನಿನ್ನ ಐಡಿಯಾ ಕೆಟ್ಟದು ಅಂತ ಅಲ್ಲ. ಹೂಂ ಅನ್ನೋಕೆ ಧೈರ್ಯ ಬರ್ಲಿಲ್ಲ, ಬೇಡ ಅನ್ನೋಕೆ ಕಾರಣ ಸಿಗ್ಲಿಲ್ಲ, ಆಗ ಬರೋ ಮಾತು ಅದು. ನಾನೂ ಎಷ್ಟೋ ಜನಕ್ಕೆ ಹಾಗೇ ಹೇಳಿದೀನಿ, ಅದರಲ್ಲಿ ಕೆಲವು ಒಳ್ಳೆ ಐಡಿಯಾಗಳು ಕೈತಪ್ಪಿದ್ದು ಈಗ್ಲೂ ಮನಸ್ಸಲ್ಲಿ ಚುಚ್ಚುತ್ತೆ.

ಲೆಕ್ಕದವಳು:

ಫೈನಾನ್ಸ್ ಕಡೆಯಿಂದ ಬರೀತಿದೀನಿ, ಸ್ವಲ್ಪ ಖಾರ ಅನ್ಸಿದ್ರೆ ಕ್ಷಮಿಸಿ. ಪ್ರಪೋಸಲ್‌ನಲ್ಲಿ ಉಳಿತಾಯ ಅಂತ ಏನು ಬರ್ದಿದ್ರಿ? ನಂಗೆ ಬರೋ ಹತ್ತರಲ್ಲಿ ಎಂಟು ಪ್ರಪೋಸಲ್‌ನಲ್ಲಿ ಒಂದೇ ತರದ ಲೆಕ್ಕ ಇರುತ್ತೆ, ದಿನಕ್ಕೆ ಅರ್ಧ ಗಂಟೆ ಉಳಿಯುತ್ತೆ, 40 ಜನ, ವರ್ಷಕ್ಕೆ ಇಷ್ಟು ಗಂಟೆ, ಗಂಟೆಗೆ ಇಷ್ಟು ಸಂಬಳ, ಗುಣಿಸಿ ದೊಡ್ಡ ನಂಬರ್. ಆ ದುಡ್ಡು ಯಾವ ಖಾತೆಯಿಂದಾನೂ ಕಮ್ಮಿ ಆಗಲ್ಲ ಸ್ವಾಮಿ. ಆ 40 ಜನಕ್ಕೆ ಸಂಬಳ ಅಷ್ಟೇ ಹೋಗ್ತಿರುತ್ತೆ. ಓವರ್‌ಟೈಮ್ ಕಮ್ಮಿ ಆಗುತ್ತಾ, ಹೊರಗಿನ ಕಂಟ್ರಾಕ್ಟರ್ ಬಿಲ್ ಕಮ್ಮಿ ಆಗುತ್ತಾ, ಸ್ಟೋರ್ಸ್‌ನಲ್ಲಿ ಇಟ್ಟಿರೋ ಸ್ಪೇರ್ ಪಾರ್ಟ್ಸ್ ಕಮ್ಮಿ ಮಾಡ್ಬಹುದಾ, ಇಂಥದ್ದು ಹೇಳಿ, ತಕ್ಷಣ ಪೆನ್ ತಗೊಂಡು ಬರ್ಕೊಳ್ತೀನಿ. ಸಮಯ ಉಳಿಯೋದು ಬೇಡ ಅಂತಲ್ಲ, ಅದನ್ನ ಬೇರೆ ಸಾಲಲ್ಲಿ ಬರೀರಿ, ದುಡ್ಡಿನ ಜೊತೆ ಕೂಡಿಸ್ಬೇಡಿ. ಕೂಡಿಸಿದ ಕ್ಷಣ ಉಳಿದ ನಂಬರ್‌ಗಳ ಮೇಲೂ ಅನುಮಾನ ಶುರು ಆಗುತ್ತೆ.

ಇನ್ನೊಂದು, ಖರ್ಚಿನ ಕಡೆ ಪೂರ್ತಿ ಬರೀರಿ. ಸೆನ್ಸರ್ ಒಂದು ಸಲ ತಗೊಂಡ್ರೆ ಮುಗೀತಾ? ಬ್ಯಾಟರಿ ಯಾರು ಬದಲಾಯಿಸ್ತಾರೆ, ಸಾಫ್ಟ್‌ವೇರ್‌ಗೆ ವರ್ಷವರ್ಷ ಕಟ್ಬೇಕಾ, ಟ್ರೈನಿಂಗ್ ಖರ್ಚು ಯಾರ ಬಜೆಟ್‌ನಲ್ಲಿ? ನೀವೇ ಹೇಳಿದ್ರೆ ಅದು ಪ್ರಾಮಾಣಿಕತೆ, ನಾನು ಕೆದಕಿ ತೆಗೆದ್ರೆ ಮುಚ್ಚಿಟ್ಟಿದ್ದಾಗುತ್ತೆ. ಅಂಕಿ ಅದೇ ಆದ್ರೂ ಮೀಟಿಂಗ್‌ನಲ್ಲಿ ಆಗೋ ಪರಿಣಾಮ ಅಜಗಜಾಂತರ.

ಆಕಾಶ ನೋಡೋನು:

ಲೆಕ್ಕದವಳು ಮೇಡಂ ಹೇಳಿದ ಮಾತಿಗೆ ಒಂದು ನಿಜವಾದ ಕಥೆ ಇದೆ, ನಂಗೆ ತುಂಬಾ ಇಷ್ಟವಾದದ್ದು, ಉದ್ದ ಆದ್ರೂ ಹೇಳ್ತೀನಿ.

ಚಂದ್ರನ ಮೇಲೆ ಇಳಿಯೋದು ಹೇಗೆ ಅಂತ ನಾಸಾದಲ್ಲಿ ಜಗಳ ನಡೀತಿದ್ದ ಕಾಲ. ಜಾನ್ ಹೌಬೋಲ್ಟ್ ಅಂತ ಲ್ಯಾಂಗ್ಲಿ ಸೆಂಟರ್‌ನ ಎಂಜಿನಿಯರ್, ಇಡೀ ನೌಕೆನ ಇಳಿಸ್ಬೇಡಿ, ದೊಡ್ಡದು ಚಂದ್ರನ ಸುತ್ತ ತಿರುಗ್ತಾ ಇರ್ಲಿ, ಚಿಕ್ಕದೊಂದು ಮಾತ್ರ ಇಳಿದು ವಾಪಸ್ ಬಂದು ಸೇರ್ಕೊಳ್ಳಿ ಅಂದ್ರು. ತೂಕ ಭಾರೀ ಉಳಿಯುತ್ತೆ. 1960 ಡಿಸೆಂಬರ್‌ನಲ್ಲಿ ದೊಡ್ಡವರ ಮುಂದೆ ಇದನ್ನ ಇಟ್ಟಾಗ, ಮ್ಯಾಕ್ಸ್ ಫ್ಯಾಜೆ ಅಂದ್ರೆ ಮರ್ಕ್ಯುರಿ ಅನ್ನೋ ನಾಸಾ ನೌಕೆ ಡಿಸೈನ್ ಮಾಡಿದವ್ರು, ಎಲ್ಲರೆದುರಿಗೇ ಇವನ ಲೆಕ್ಕ ಸುಳ್ಳು ಅಂತ ಕೂಗಿಬಿಟ್ರು. ಐಡಿಯಾ ಸರಿ ಇತ್ತು, ಆದ್ರೆ ಲ್ಯಾಂಡರ್, ಅಂದ್ರೆ ಇಳಿಯೋ ಆ ಚಿಕ್ಕ ನೌಕೆಯ ತೂಕನ ತುಂಬಾ ಕಮ್ಮಿ ಹಿಡಿದಿದ್ರು. ಕೊನೆಗೆ ನಿಜವಾಗ್ಲೂ ಹೋದ ಲ್ಯಾಂಡರ್ ಇಂಧನ ಸೇರಿ ಸುಮಾರು 15 ಟನ್, ಆರಂಭದ ಅಂದಾಜು ಅದರ ಹತ್ರಾನೂ ಇರ್ಲಿಲ್ಲ. ಕೇಳೋರಿಗೆ ಒಂದು ಅಂಕಿ ಮೇಲೆ ಅನುಮಾನ ಬಂತು, ಅದರ ಜೊತೆ ಇಡೀ ಐಡಿಯಾನೇ ಕೊಚ್ಕೊಂಡು ಹೋಯ್ತು.

ಮುಂದಿನದು ಇನ್ನೂ ಮುಖ್ಯ. 1961 ಮೇ 25ಕ್ಕೆ ಅಮೆರಿಕ ಅಧ್ಯಕ್ಷ ಕೆನಡಿ ಈ ದಶಕ ಮುಗಿಯೋಷ್ಟರಲ್ಲಿ ಮನುಷ್ಯನನ್ನ ಚಂದ್ರನ ಮೇಲೆ ಇಳಿಸ್ಬೇಕು ಅಂತ ಘೋಷಣೆ ಮಾಡಿದ್ರು. ನೇರವಾಗಿ ಹೋಗಿ ಇಳಿಯೋಕೆ ನೋವಾ ಅನ್ನೋ ದೈತ್ಯ ರಾಕೆಟ್ ಬೇಕಿತ್ತು, ಅದು ಅಷ್ಟರಲ್ಲಿ ರೆಡಿ ಆಗೋ ಲಕ್ಷಣ ಇರ್ಲಿಲ್ಲ. ಹೌಬೋಲ್ಟ್ ದಾರೀಲಿ ಹೋದ್ರೆ ಒಂದೇ ಸ್ಯಾಟರ್ನ್ 5 ರಾಕೆಟ್ ಸಾಕಾಗುತ್ತೆ. ನವೆಂಬರ್ 1961ರಲ್ಲಿ ಅವ್ರು ಮಧ್ಯದ ಎಲ್ಲಾ ಮೆಟ್ಟಿಲು ಬಿಟ್ಟು ನೇರ ನಾಸಾದ ಅಸೋಸಿಯೇಟ್ ಅಡ್ಮಿನಿಸ್ಟ್ರೇಟರ್ ರಾಬರ್ಟ್ ಸೀಮನ್ಸ್‌ಗೆ 9 ಪುಟದ ಕಾಗದ ಬರೆದ್ರು. ನಮಗೆ ಚಂದ್ರನಿಗೆ ಹೋಗ್ಬೇಕಾ ಬೇಡ್ವಾ ಅಂತ ಅದರಲ್ಲೇ ಕೇಳಿದ್ರು. ಸೀಮನ್ಸ್ ಅದನ್ನ ಕಸದಬುಟ್ಟಿಗೆ ಹಾಕ್ಲಿಲ್ಲ, ಪರಿಶೀಲನೆ ಮಾಡಿಸಿದ್ರು. 1962 ಜೂನ್‌ನಲ್ಲಿ, ಅಲ್ಲೀವರೆಗೂ ಬೇರೆ ದಾರಿ ಹಿಡಿದಿದ್ದ ನಾಸಾದ ರಾಕೆಟ್ ತಜ್ಞ ಫಾನ್ ಬ್ರೌನ್ ಅವ್ರೇ ಇದೇ ಸರಿ ಅಂತ ಒಪ್ಕೊಂಡ್ರು, ಜುಲೈನಲ್ಲಿ ಅಧಿಕೃತವಾಗಿ ಘೋಷಣೆ ಆಯ್ತು.

ನಂಗೆ ಇದರಲ್ಲಿ ಕಾಣೋದೇನಂದ್ರೆ, ಒಂದೂವರೆ ವರ್ಷದಲ್ಲಿ ಐಡಿಯಾದ ತಿರುಳು ಬದಲಾಗ್ಲಿಲ್ಲ. ಲೆಕ್ಕ ಗಟ್ಟಿ ಆಯ್ತು, ಮತ್ತೆ ಮೇಲಿನವ್ರ ತಲೆನೋವು ಬದಲಾಯ್ತು. ಡೆಡ್‌ಲೈನ್ ಬಂದ್ಮೇಲೆ ಅದು ಹೌಬೋಲ್ಟ್ ಐಡಿಯಾ ಆಗಿ ಉಳೀಲಿಲ್ಲ, ಅವ್ರ ತಲೆನೋವಿಗೆ ಮದ್ದಾಯ್ತು. ನಿಮ್ಮ ಪ್ಲಾಂಟ್ ಹೆಡ್‌ಗೆ ಈ ವರ್ಷ ರಾತ್ರಿ ನಿದ್ದೆ ಕೆಡಿಸ್ತಿರೋದು ಏನು ಅಂತ ಗೊತ್ತಾ ನಿಮ್ಗೆ?

ಪಂಪ್‌ಹೌಸ್ ಹುಡುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಲೆಕ್ಕದವಳು ಮೇಡಂ, ನೀವು ಹೇಳಿದ ತಪ್ಪನ್ನೇ ಮಾಡಿದ್ದೆ, ಗಂಟೆ ಗುಣಿಸಿ ಸಂಬಳ. ಸಾಫ್ಟ್‌ವೇರ್‌ಗೆ ವರ್ಷವರ್ಷ ಕಟ್ಟೋದು 27ನೇ ಸ್ಲೈಡ್‌ನಲ್ಲಿ ಸಣ್ಣ ಅಕ್ಷರದಲ್ಲಿತ್ತು.

ಆಕಾಶ ನೋಡೋನು ಅವ್ರ ಪ್ರಶ್ನೆಗೆ ನಿಜ ಹೇಳ್ಬೇಕಂದ್ರೆ ಉತ್ತರ ಗೊತ್ತಿರ್ಲಿಲ್ಲ. ನಿನ್ನೆ ನಮ್ಮ ಶಿಫ್ಟ್ ಇಂಚಾರ್ಜ್‌ನ ಕೇಳ್ದೆ. ಡೆಲಿವರಿ ತಡ ಆಗಿ ಇಬ್ರು ದೊಡ್ಡ ಗಿರಾಕಿಗಳು ಕಂಪ್ಲೇಂಟ್ ಮಾಡಿದಾರಂತೆ, ಪ್ರತಿ ವಾರ ಅದನ್ನೇ ಕೇಳ್ತಾರಂತೆ ಮೇಲಿಂದ. ನನ್ನ 30 ಸ್ಲೈಡ್‌ನಲ್ಲಿ ಡೆಲಿವರಿ ಅನ್ನೋ ಪದ ಒಂದ್ಸಲಾನೂ ಇರ್ಲಿಲ್ಲ.

ಸಂಜೆಗಾಳಿ:

ನೀವೆಲ್ಲ ಮೀಟಿಂಗ್‌ನ ಒಳಗೆ ಏನ್ ಹೇಳ್ಬೇಕು ಅಂತ ಮಾತಾಡ್ತಿದೀರ. ನನ್ನ ಅನುಭವದಲ್ಲಿ ದೊಡ್ಡ ನಿರ್ಧಾರ ಮೀಟಿಂಗ್‌ನ ಒಳಗೆ ಆಗೋದೇ ಅಪರೂಪ. ಅಲ್ಲಿ ಆಗೋದು ಮುದ್ರೆ ಒತ್ತೋದು ಮಾತ್ರ. ಜಪಾನ್‌ನ ಕಂಪನಿಗಳಲ್ಲಿ ನೆಮವಾಶಿ ಅಂತಾರೆ, ತೋಟದ ಕೆಲ್ಸದಿಂದ ಬಂದಿರೋ ಪದ, ಮರನ ಬೇರೆ ಕಡೆ ನೆಡೋಕೆ ಮುಂಚೆ ಬೇರಿನ ಸುತ್ತ ನಿಧಾನಕ್ಕೆ ಅಗೆದು ಬೇರುಗಳನ್ನ ತಯಾರು ಮಾಡ್ತಾರಲ್ಲ ಅದು. ಟೊಯೋಟಾದಲ್ಲಿ ಪ್ರಪೋಸಲ್ ಮೀಟಿಂಗ್‌ಗೆ ಬರೋಷ್ಟೊತ್ತಿಗೆ ಸಂಬಂಧಪಟ್ಟ ಒಬ್ಬೊಬ್ಬರ ಹತ್ರಾನೂ ಹೋಗಿ, ಅವ್ರ ಆಕ್ಷೇಪ ಕೇಳಿ, ತಿದ್ದಿ, ಮತ್ತೆ ತೋರಿಸಿ ಆಗಿರುತ್ತೆ. ಅದೂ 30 ಸ್ಲೈಡ್ ಅಲ್ಲ, ಎ3 ಸೈಜಿನ ಒಂದೇ ಹಾಳೆ, 297 ಮಿಲಿಮೀಟರ್‌ಗೆ 420. ಸಮಸ್ಯೆ, ಈಗಿನ ಸ್ಥಿತಿ, ಮೂಲ ಕಾರಣ, ಏನ್ ಮಾಡ್ಬೇಕು, ಯಾರು ಯಾವಾಗ, ಎಲ್ಲಾ ಅದರೊಳಗೇ.

ನಿಮ್ಮ ಮೂರೂ ಜನ ಆ ಐಡಿಯಾನ ಮೊದಲನೇ ಸಲ ಕೇಳಿದ್ದು ಆ ರೂಮಲ್ಲೇ ಅಲ್ವಾ? ಒಬ್ರ ಮುಂದೆ ಒಬ್ರು, ಯಾರಿಗೂ ಗೊತ್ತಿಲ್ದಿರೋ ವಿಷ್ಯಕ್ಕೆ ಮೊದ್ಲು ಹೂಂ ಅನ್ನೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ.

ನೇರನುಡಿ:

ಸಂಜೆಗಾಳಿ, ನಂಗೆ ಇದು ಒಪ್ಪಿಗೆ ಇಲ್ಲ. ಮೀಟಿಂಗ್‌ಗೆ ಮುಂಚೆ ಒಬ್ಬೊಬ್ರ ರೂಮಿಗೆ ಹೋಗಿ ಮಾತಾಡ್ಕೊಂಡು ಬರೋದು ಅಂದ್ರೆ ಹಿಂಬಾಗಿಲ ರಾಜಕೀಯ. ಹಾಗಾದ್ರೆ ಓಡಾಡೋಕೆ ಬರೋರ ಐಡಿಯಾ ಗೆಲ್ಲುತ್ತೆ, ತಲೆ ತಗ್ಗಿಸಿ ಕೆಲ್ಸ ಮಾಡೋರ ಐಡಿಯಾ ಬಿದ್ದೋಗುತ್ತೆ. ನಮ್ಮ ಆಫೀಸಲ್ಲಿ ಇದೇ ನೋಡಿ ನೋಡಿ ಸಾಕಾಗಿದೆ. ಒಳ್ಳೆ ಐಡಿಯಾ ತನ್ನ ಬಲದ ಮೇಲೆ ನಿಲ್ಬೇಕು.

ವಾರ್ಡ್ ಸಿಸ್ಟರ್:

ನೇರನುಡಿ ಅವ್ರೇ, ಒಳ್ಳೆ ಐಡಿಯಾ ತನ್ನ ಬಲದ ಮೇಲೆ ನಿಲ್ಲುತ್ತೆ ಅಂತ ನಂಬಿದವ್ರಲ್ಲಿ ಸೆಮ್ಮೆಲ್ವೈಸ್ ಡಾಕ್ಟ್ರು ಒಬ್ರು. 1847, ವಿಯೆನ್ನಾದ ಹೆರಿಗೆ ಆಸ್ಪತ್ರೆ. ಶವ ಕೊಯ್ದು ಅದೇ ಕೈಯಲ್ಲಿ ಹೆರಿಗೆ ಮಾಡಿಸೋಕೆ ಬರ್ತಿದ್ದ ಡಾಕ್ಟ್ರುಗಳು ಕ್ಲೋರಿನ್ ನೀರಲ್ಲಿ ಕೈ ತೊಳೀಲೇಬೇಕು ಅಂತ ಮಾಡಿದ್ರು. ಅವ್ರ ವಾರ್ಡಲ್ಲಿ ಏಪ್ರಿಲ್‌ನಲ್ಲಿ ಬಾಣಂತಿಯರ ಸಾವು 18%ಗಿಂತ ಮೇಲಿತ್ತು, ಜೂನ್ ಹೊತ್ತಿಗೆ ಸುಮಾರು 2%. ಇದಕ್ಕಿಂತ ಬಲ ಇರೋ ಐಡಿಯಾ ಬೇಕಾ? ಆದ್ರೂ ಮೇಲಿನವ್ರು ಒಪ್ಲಿಲ್ಲ. ಅವ್ರು ವರ್ಷಗಟ್ಲೆ ಸರಿಯಾಗಿ ಬರೆದು ಪ್ರಕಟ ಮಾಡ್ಲಿಲ್ಲ, ಪುಸ್ತಕ ಬಂದಿದ್ದು 1861ರಲ್ಲಿ, ಆಮೇಲೆ ಒಪ್ಪದ ದೊಡ್ಡ ಡಾಕ್ಟ್ರುಗಳನ್ನ ಬಹಿರಂಗ ಪತ್ರದಲ್ಲಿ ಕೊಲೆಗಾರರು ಅಂತ ಬೈದ್ರು. ಅವ್ರ ಸಿಟ್ಟು ನಂಗೆ ಅರ್ಥ ಆಗುತ್ತೆ, ಕಣ್ಣೆದುರು ತಾಯಂದಿರು ಸಾಯ್ತಿದ್ರು. ಆದ್ರೆ ಅವ್ರ ಮಾತನ್ನ ಒಪ್ಪೋದು ಅಂದ್ರೆ ಇಷ್ಟು ವರ್ಷ ನನ್ನ ಕೈಯಿಂದ್ಲೇ ಸಾವಾಗಿದೆ ಅಂತ ಆ ದೊಡ್ಡ ಡಾಕ್ಟ್ರು ಒಪ್ಕೋಬೇಕಿತ್ತು. ಅಂಥ ಮಾತು ಎಲ್ಲರೆದುರಿಗೆ ಹೇಳಿದ್ರೆ ಯಾರೂ ಒಪ್ಪಲ್ಲ, ಬಾಗಿಲು ಹಾಕ್ಕೊಂಡು ಇಬ್ರೇ ಕೂತು ಮಾತಾಡಿದ್ರೆ ಒಂದು ವೇಳೆ ಒಪ್ಬಹುದು.

ಅದಕ್ಕೆ ಎದುರಾಗಿ ಫ್ಲಾರೆನ್ಸ್ ನೈಟಿಂಗೇಲ್ ನೋಡಿ. ಕ್ರಿಮಿಯಾ ಯುದ್ಧದಿಂದ ವಾಪಸ್ ಬಂದ್ಮೇಲೆ 1858ರಲ್ಲಿ ಅಂಕಿಅಂಶನೆಲ್ಲ ಬಣ್ಣದ ಚಕ್ರದ ತರ ಒಂದು ಚಿತ್ರ ಮಾಡಿದ್ರು, ಗಾಯದಿಂದ ಸತ್ತ ಸೈನಿಕರು ಸಣ್ಣ ಹೋಳು, ತಡೀಬಹುದಾಗಿದ್ದ ರೋಗದಿಂದ ಸತ್ತವ್ರು ದೊಡ್ಡ ಹೋಳು. ಕೋಷ್ಟಕ ಓದೋ ತಾಳ್ಮೆ ಇಲ್ದಿರೋ ಮಂತ್ರಿಗೂ ಒಂದು ನೋಟಕ್ಕೆ ಗೊತ್ತಾಗುತ್ತೆ. ಜೊತೆಗೆ ಅಧಿಕಾರದಲ್ಲಿ ಇದ್ದವ್ರ ಹತ್ರ ಒಬ್ಬೊಬ್ರ ಹತ್ರಾನೂ ಪತ್ರ ಬರೆದು, ಭೇಟಿ ಮಾಡಿ ದಾರಿ ಮಾಡ್ಕೊಂಡ್ರು. ಅದನ್ನ ಹಿಂಬಾಗಿಲು ಅಂತ ನಂಗೆ ಕರೆಯೋಕೆ ಮನಸ್ಸು ಬರಲ್ಲ.

ಸಂಜೆಗಾಳಿ:

ಸಿಸ್ಟರ್, ಅದೇ ನಾನು ಹೇಳ್ಬೇಕಂತಿದ್ದಿದ್ದು. ನೇರನುಡಿ, ನೀವು ನೋಡಿರೋದು ಮತ ಎಣಿಸೋಕೆ ಹೋಗೋರನ್ನ. ನಾನು ಹೇಳ್ತಿರೋದು ಆಕ್ಷೇಪ ಕೇಳೋಕೆ ಹೋಗೋದು. "ನಂಗೆ ಸಪೋರ್ಟ್ ಮಾಡಿ ಸರ್" ಅಂತ ಹೋಗ್ಬೇಡಿ, "ಇದು ಕೆಲ್ಸ ಮಾಡಲ್ಲ ಅಂತ ನಿಮ್ಗೆ ಅನ್ಸಿದ್ರೆ ಎಲ್ಲಿ ಅನ್ಸುತ್ತೆ" ಅಂತ ಕೇಳ್ಕೊಂಡು ಹೋಗಿ. ಬರ್ದಿದ್ದು ಬದಲಾಗದೆ ವಾಪಸ್ ಬಂದ್ರೆ ನೀವು ಕೇಳಿಲ್ಲ ಅಂತ ಅರ್ಥ. ಅವ್ರು ಹೇಳಿದ್ದನ್ನ ಮುಂದಿನ ಹಾಳೆಯಲ್ಲಿ ಸೇರ್ಸಿ, ಯಾರು ಹೇಳಿದ್ದು ಅಂತಾನೂ ಬರೀರಿ.

ನೇರನುಡಿ:

ಸರಿ, ಆಕ್ಷೇಪ ಕೇಳೋಕೆ ಹೋಗೋದು ಬೇರೆ ಅಂತ ಒಪ್ತೀನಿ. ಆದ್ರೂ ಮೀಟಿಂಗ್‌ನಲ್ಲಿ ನಾನು ಯಾರ್‍ಯಾರನ್ನ ಮುಂಚೆ ನೋಡಿದೀನಿ ಅಂತ ಎಲ್ಲರೆದುರಿಗೆ ಹೇಳೋ ಧೈರ್ಯ ಇದ್ರೆ ಮಾತ್ರ. ಹೇಳೋಕಾಗಲ್ಲ ಅಂದ್ರೆ ಅದು ರಾಜಕೀಯಾನೇ.

ಹಸಿರು ಪೆನ್ನು:

ಒಂದು ವಿಷ್ಯ ಯಾರೂ ಹೇಳ್ಲಿಲ್ಲ. ನಾನು ಮೀಟಿಂಗ್‌ನಲ್ಲಿ ಒಂದು ಐಡಿಯಾ ಹೇಳ್ತೀನಿ, ಯಾರೂ ಮಾತಾಡಲ್ಲ. ಹತ್ತು ನಿಮಿಷ ಬಿಟ್ಟು ಅದನ್ನೇ ಸೀನಿಯರ್ ಒಬ್ರು ಅವ್ರ ಮಾತಲ್ಲಿ ಹೇಳ್ತಾರೆ, ಒಳ್ಳೆ ಪಾಯಿಂಟ್ ಅಂತ ಎಲ್ಲಾ ಬರ್ಕೊಳ್ತಾರೆ. ವರ್ಷಗಟ್ಲೆ ಹೀಗಾಯ್ತು. ಈಗ ನಾನು ಮಾಡೋದು, ಎರಡು ದಿನ ಮುಂಚೆ ಒಂದು ಪುಟ ಬರೆದು, ನನ್ನ ಹೆಸ್ರು ತಾರೀಕು ಹಾಕಿ ಎಲ್ರಿಗೂ ಮೇಲ್ ಮಾಡ್ತೀನಿ, ಮೀಟಿಂಗ್‌ನಲ್ಲಿ "ನನ್ನ ನೋಟ್‌ನ ಎರಡನೇ ಪ್ಯಾರಾದಲ್ಲಿ" ಅಂತಾನೇ ಶುರು ಮಾಡ್ತೀನಿ. ಜೋರು ದನಿ ಇಲ್ಲದವ್ರಿಗೆ, ಮಾತಲ್ಲಿ ಗೆಲ್ಲೋಕಾಗದವ್ರಿಗೆ ಬರವಣಿಗೆ ದೊಡ್ಡ ಆಸರೆ.

ಅಮೆಜಾನ್‌ನಲ್ಲಿ 2004ರಲ್ಲಿ ಜೆಫ್ ಬೆಜೋಸ್ ಸೀನಿಯರ್ ಮೀಟಿಂಗ್‌ಗಳಲ್ಲಿ ಪವರ್‌ಪಾಯಿಂಟ್ ಬೇಡ ಅಂದಿದ್ದು ಗೊತ್ತಿರ್ಬಹುದು. ಅದರ ಬದಲು 6 ಪುಟದ ಒಳಗೆ ಪೂರ್ತಿ ವಾಕ್ಯಗಳಲ್ಲಿ ಬರ್ದಿರೋ ಮೆಮೊ, ಮೀಟಿಂಗ್ ಶುರುವಿಗೆ ಎಲ್ರೂ ಮೌನವಾಗಿ ಅದನ್ನ ಓದ್ತಾರೆ, ಆಮೇಲೆ ಚರ್ಚೆ. ಬುಲೆಟ್ ಪಾಯಿಂಟ್‌ನಲ್ಲಿ ಒಂದಕ್ಕೊಂದು ಸಂಬಂಧ ಏನು ಅಂತ ಹೇಳ್ದೆ ತಪ್ಪಿಸ್ಕೋಬಹುದು, ಪೂರ್ತಿ ವಾಕ್ಯದಲ್ಲಿ ಆಗಲ್ಲ, "ಆದ್ರಿಂದ" ಅಂತ ಬರೆದ ತಕ್ಷಣ ಯಾವುದರಿಂದ ಅಂತ ಗೊತ್ತಿರ್ಬೇಕು.

ಕೋಡ್ ಬರಿಯೋನು:

ಸ್ಲೈಡ್ ವಿಷ್ಯ ಬಂದಿದ್ದಕ್ಕೆ ನಾಸಾದ ಚಾಲೆಂಜರ್ ಬಾಹ್ಯಾಕಾಶ ನೌಕೆ ನೆನಪಾಯ್ತು. 1986 ಜನವರಿ 27ರ ಸಂಜೆ, ಮಾರನೇ ದಿನ ಲಾಂಚ್, ಚಳಿ ಜಾಸ್ತಿ. ಬೂಸ್ಟರ್ ರಾಕೆಟ್ ಮಾಡ್ತಿದ್ದ ಥಯೋಕಾಲ್ ಕಂಪನಿ ಎಂಜಿನಿಯರ್‌ಗಳು 13 ಚಾರ್ಟ್ ಫ್ಯಾಕ್ಸ್ ಮಾಡಿ, 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹಾರಿಸ್ಬೇಡಿ ಅಂದ್ರು, ಅಂದ್ರೆ ಸುಮಾರು 12 ಸೆಲ್ಸಿಯಸ್. ನಾಸಾ ಒಪ್ಲಿಲ್ಲ, ಕೊನೆಗೆ ಕಂಪನಿ ಮ್ಯಾನೇಜರ್‌ಗಳೇ ಎಂಜಿನಿಯರ್ ಮಾತು ಮೀರಿ ಹೂಂ ಅಂದ್ರು. ಲಾಂಚ್ ಆಗಿ 73 ಸೆಕೆಂಡಿಗೆ ನೌಕೆ ಛಿದ್ರ ಆಯ್ತು, ಒಳಗಿದ್ದ 7 ಜನಾನೂ ಹೋದ್ರು. ತನಿಖೆ ಮಾಡಿದ ರೋಜರ್ಸ್ ಆಯೋಗ ಹೇಳಿದ್ದು, ಓ ರಿಂಗ್‌ಗೆ, ಅಂದ್ರೆ ಬೂಸ್ಟರ್ ಜೋಡಣೆಗಳನ್ನ ಸೀಲ್ ಮಾಡೋ ರಬ್ಬರ್ ಉಂಗುರಕ್ಕೆ, ಏಟಾಗಿದ್ದ ಲಾಂಚ್‌ಗಳನ್ನ ಮಾತ್ರ ನೋಡಿದ್ರೆ ಚಳಿಗೂ ಅದಕ್ಕೂ ಸಂಬಂಧ ಕಾಣಲ್ಲ, ಏನೂ ಆಗದೇ ಇದ್ದ ಲಾಂಚ್‌ಗಳನ್ನೂ ಸೇರಿಸಿ ನೋಡಿದ್ರೆ ಢಾಳಾಗಿ ಕಾಣುತ್ತೆ. 65 ಡಿಗ್ರಿಗಿಂತ ಕೆಳಗೆ ಆಗಿದ್ದ 4ಕ್ಕೆ 4ರಲ್ಲೂ ತೊಂದ್ರೆ, ಅದಕ್ಕಿಂತ ಬೆಚ್ಚಗಿದ್ದ 20ರಲ್ಲಿ 3ರಲ್ಲಿ ಮಾತ್ರ. ಆ ಒಂದು ಚಿತ್ರ ಆ ರಾತ್ರಿ ಮೇಜಿನ ಮೇಲೆ ಇರ್ಲಿಲ್ಲ.

ನಿವೃತ್ತ ಜಿಎಂ:

ಕೋಡ್ ಬರಿಯೋನೆ, ಮಾತು ಸರಿ, ಆದ್ರೆ ಇದರಲ್ಲಿ ಎಂಜಿನಿಯರ್‌ಗಳ ಮೇಲೆ ತಪ್ಪು ಹೊರಿಸೋದು ಅನ್ಯಾಯ. ಥಯೋಕಾಲ್ ಎಂಜಿನಿಯರ್ ರೋಜರ್ ಬ್ವಾಜಲಿ ಅನ್ನೋರು ಲಾಂಚ್‌ಗೆ ತಿಂಗಳುಗಟ್ಲೆ ಮುಂಚೆ, 1985ರಲ್ಲೇ, ಜೀವಹಾನಿ ಆಗ್ಬಹುದು ಅಂತ ಬರವಣಿಗೆಯಲ್ಲಿ ಕೊಟ್ಟಿದ್ರು. ಆ ರಾತ್ರಿ ಒಬ್ರು ಸೀನಿಯರ್ ಇನ್ನೊಬ್ರಿಗೆ, ನಿಮ್ಮ ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜ್‌ಮೆಂಟ್ ಟೋಪಿ ಹಾಕ್ಕೊಳ್ಳಿ ಅಂದ್ರು. ಚಾರ್ಟ್ ಚೆನ್ನಾಗಿದ್ದಿದ್ರೆ ಬದಲಾಗ್ತಿತ್ತೋ ಏನೋ, ಆದ್ರೆ ಕೇಳೋ ಜವಾಬ್ದಾರಿ ಮೇಜಿನ ಆ ಕಡೆ ಕೂತವ್ರದ್ದೂ ಹೌದು. ಮೇಲೆ ಕೂತವ್ರು ಇದನ್ನ ಓದ್ತಿದ್ರೆ ಹೇಳ್ತೀನಿ, ಕೆಳಗಿನವ್ರಿಗೆ ಹೇಳೋಕೆ ಬರಲ್ಲ ಅನ್ನೋದು ನೆಪ ಆಗ್ಬಾರ್ದು. ಸ್ಲೈಡ್ ಕೆಟ್ಟದಾಗಿದ್ರೆ ಸ್ಲೈಡ್ ಮುಚ್ಚಿ, ಎದುರಿಗೆ ಕೂರಿಸ್ಕೊಂಡು, ಏನಪ್ಪಾ ನಿನ್ನ ಭಯ ಅಂತ ಕೇಳೋಕೆ ಐದು ನಿಮಿಷ ಸಾಕು.

ಲೆಕ್ಕದವಳು:

ಪಂಪ್‌ಹೌಸ್ ಅವ್ರೇ, ನಿಮ್ಮ ಲೈನ್ ಎರಡು ದಿನ ನಿಂತಿದ್ದು ಈಗ ನಿಮ್ಮ ಕೈಯಲ್ಲಿರೋ ಗಟ್ಟಿ ಪುರಾವೆ, ಹುಷಾರಾಗಿ ಬಳಸಿ. ಕಾನಮನ್ ಮತ್ತೆ ಟ್ವೆರ್ಸ್ಕಿ ಅನ್ನೋ ಮನಶ್ಶಾಸ್ತ್ರಜ್ಞರು 1981ರಲ್ಲಿ ಪ್ರಕಟ ಮಾಡಿದ ಒಂದು ಪ್ರಯೋಗ ಇದೆ. 600 ಜನಕ್ಕೆ ಬರೋ ರೋಗ, ಒಂದು ಗುಂಪಿಗೆ ಈ ದಾರೀಲಿ 200 ಜನ ಖಂಡಿತ ಉಳೀತಾರೆ ಅಂತ ಹೇಳ್ದಾಗ 72% ಜನ ಆ ಖಚಿತ ದಾರಿ ಆರಿಸಿದ್ರು. ಇನ್ನೊಂದು ಗುಂಪಿಗೆ ಅದನ್ನೇ 400 ಜನ ಖಂಡಿತ ಸಾಯ್ತಾರೆ ಅಂತ ಹೇಳ್ದಾಗ ಅದನ್ನ ಆರಿಸಿದ್ದು 22% ಮಾತ್ರ, ಉಳಿದವ್ರು ಆರಿಸಿದ್ದು ಅದೃಷ್ಟದ ಮೇಲೆ ನಿಂತಿದ್ದ ಇನ್ನೊಂದು ದಾರಿ. ಲೆಕ್ಕ ಒಂದೇ. ನಷ್ಟ ಅಂತ ಹೇಳಿದ್ರೆ ಜನ ರಿಸ್ಕ್ ತಗೊಳ್ಳೋಕೆ ರೆಡಿ ಆಗ್ತಾರೆ.

ಇದನ್ನ ಓದಿ ಕೆಲವ್ರು ಬಾಸ್‌ನ ಹೆದರಿಸೋ ಪಿಚ್ ಮಾಡ್ತಾರೆ, ಅದು ಬೇಡ, ಒಂದು ಸಲ ಕೆಲ್ಸ ಮಾಡುತ್ತೆ, ಎರಡನೇ ಸಲ ನಿಮ್ಮ ಮುಖ ನೋಡಿದ್ರೇ ಅನುಮಾನ. ಸುಮ್ನೆ ಕುಳಿತ್ರೂ ಖರ್ಚಿದೆ ಅನ್ನೋದನ್ನ ತೋರಿಸೋದು ನ್ಯಾಯ. ಕಳೆದ ಎರಡು ವರ್ಷದ ಬ್ರೇಕ್‌ಡೌನ್ ರಿಜಿಸ್ಟರ್ ತೆಗೀರಿ, ಬೇರಿಂಗ್‌ನಿಂದ ಎಷ್ಟು, ಬೇರೆ ಕಾರಣಕ್ಕೆ ಎಷ್ಟು ಅಂತ ಬೇರೆ ಮಾಡಿ, ಸೆನ್ಸರ್ ಇದ್ದಿದ್ರೂ ತಪ್ಪಿಸೋಕಾಗ್ತಿರ್ಲಿಲ್ಲ ಅನ್ನೋದನ್ನ ನೀವೇ ಕಳೀರಿ. ಉಳಿದ ನಂಬರ್ ಚಿಕ್ಕದಾದ್ರೂ ಪರ್ವಾಗಿಲ್ಲ. ನಾನು ಫೈನಾನ್ಸ್ ಹೆಡ್ ಆಗಿದ್ರೆ, ತನ್ನ ನಂಬರ್‌ನ ತಾನೇ ಕಮ್ಮಿ ಮಾಡ್ಕೊಂಡು ಬಂದವನ ಮಾತು ಮೊದ್ಲು ಕೇಳ್ತೀನಿ.

ಸಂಜೆಗಾಳಿ:

ಮತ್ತೆ ಎಲ್ಲಾ ಪಂಪ್‌ಗೂ ಕೇಳ್ಬೇಡಿ. ಐದಾರಕ್ಕೆ ಕೇಳಿ, ಇಂಥ ತಾರೀಕಿಗೆ ಇಂಥದ್ದು ಕಾಣದೇ ಇದ್ರೆ ನಾವೇ ನಿಲ್ಲಿಸ್ತೀವಿ ಅಂತ ಬರ್ಕೊಡಿ. ಹಿಂದಕ್ಕೆ ಬರೋಕಾಗೋ ನಿರ್ಧಾರಕ್ಕೆ ಹೂಂ ಅನ್ನೋದು ಸುಲಭ.

ಪಂಪ್‌ಹೌಸ್ ಹುಡುಗ:

ಏಳು ವಾರ ಆದ್ಮೇಲೆ ಬರೀತಿದೀನಿ, ಹೇಳ್ದೆ ಹೋದ್ರೆ ತಪ್ಪಾಗುತ್ತೆ.

ಮೊದ್ಲು ರಿಜಿಸ್ಟರ್ ತೆಗೆದೆ. 31 ಬ್ರೇಕ್‌ಡೌನ್, ಅದರಲ್ಲಿ ಬೇರಿಂಗ್‌ನಿಂದ ಆಗಿದ್ದು 11, ಅದರಲ್ಲೂ ಸೆನ್ಸರ್ ಇದ್ರೆ ಮುಂಚೆ ಗೊತ್ತಾಗ್ತಿತ್ತು ಅಂತ ಧೈರ್ಯವಾಗಿ ಹೇಳ್ಬಹುದಾಗಿದ್ದು 7. ನಾನು ಮೊದಲ ಸಲ 25ಕ್ಕೂ ಮೇಲೆ ಅಂತ ಹೇಳಿದ್ದೆ. ಆ 7ರಲ್ಲಿ 5 ಬರೀ ನಾಲ್ಕು ಪಂಪ್‌ಗಳಲ್ಲೇ ಆಗಿತ್ತು, ಇದು ನಂಗೇ ಗೊತ್ತಿರ್ಲಿಲ್ಲ.

ಆಮೇಲೆ ಪ್ರೊಡಕ್ಷನ್ ಹೆಡ್ ಹತ್ರ ಹೋದೆ, ಒಂದೇ ಹಾಳೆ ತಗೊಂಡು. ಎಲ್ಲಿ ಕೆಲ್ಸ ಮಾಡಲ್ಲ ಅನ್ಸುತ್ತೆ ಸರ್ ಅಂದೆ. ಅವ್ರು ಕೂಡ್ಲೇ ಹೇಳಿದ್ದು, "ರಾತ್ರಿ ಎರಡು ಗಂಟೆಗೆ ಅಲಾರ್ಮ್ ಬಂದ್ರೆ ಲೈನ್ ನಿಲ್ಸೋ ಅಧಿಕಾರ ಯಾರ್ದು? ನಿಲ್ಸಿ ಅದು ಸುಳ್ಳು ಅಲಾರ್ಮ್ ಆದ್ರೆ ಬೈಸ್ಕೊಳ್ಳೋದು ನನ್ನ ಹುಡುಗ್ರು." ಮೂರು ತಿಂಗಳು ತಲೆ ಕೆಡಿಸ್ಕೊಂಡಿದ್ದೆ, ಈ ಪ್ರಶ್ನೆ ಒಂದ್ಸಲಾನೂ ಹೊಳೆದಿರ್ಲಿಲ್ಲ. ಹಾಗಾಗಿ ಈ ಸಣ್ಣ ಪ್ರಯೋಗ ಮುಗಿಯೋವರೆಗೂ ಅಲಾರ್ಮ್ ಮೇಂಟೆನೆನ್ಸ್‌ಗೆ ಮಾತ್ರ ಬರ್ಲಿ, ನಾವು ಹೋಗಿ ನೋಡಿ ಹೇಳ್ತೀವಿ, ಆಪರೇಟರ್ ಮೇಲೆ ಏನೂ ಹಾಕಲ್ಲ ಅಂತ ಬದಲಾಯಿಸ್ದೆ. ಫೈನಾನ್ಸ್‌ನವ್ರು ವರ್ಷದ ಸಾಫ್ಟ್‌ವೇರ್ ಫೀಸ್ ಮೇಲೇ ಇದೆಯಲ್ಲ ಅಂತ ಆಶ್ಚರ್ಯಪಟ್ರು.

ಮೀಟಿಂಗ್‌ನಲ್ಲಿ ಮೊದಲ ವಾಕ್ಯ ಇದು: "ಸರ್, ಡೆಲಿವರಿ ತಡ ಆಗೋಕೆ ಕಾರಣವಾದ ನಾಲ್ಕು ಪಂಪ್‌ಗೆ ಮೂರು ತಿಂಗಳು ಸೆನ್ಸರ್ ಹಾಕೋಕೆ ಒಪ್ಪಿಗೆ ಬೇಕು, ಲೈನ್ ನಿಲ್ಲಿಸ್ಬೇಕಾಗಿಲ್ಲ, ತಿಂಗಳ ಸರ್ವಿಸ್ ದಿನ ಹಾಕ್ತೀವಿ." ಇಬ್ರನ್ನ ಮುಂಚೆ ನೋಡಿದೀನಿ, ಅವ್ರು ಹೇಳಿದ ತಿದ್ದುಪಡಿ ಇದರಲ್ಲಿದೆ ಅಂತಾನೂ ಹೇಳ್ದೆ, ನೇರನುಡಿ ಅವ್ರ ಮಾತು ನೆನಪಿತ್ತು. ಪ್ಲಾಂಟ್ ಹೆಡ್ ರಾತ್ರಿ ಅಲಾರ್ಮ್ ಕಥೆ ಏನು ಅಂತ ಕೇಳಿದ್ರು, ನಾನು ಬಾಯಿ ತೆಗೆಯೋಷ್ಟರಲ್ಲಿ ಪ್ರೊಡಕ್ಷನ್ ಹೆಡ್ಡೇ ಉತ್ತರ ಕೊಟ್ರು. 12 ನಿಮಿಷಕ್ಕೆ ಮುಗೀತು. ನಾಲ್ಕಕ್ಕೆ ಒಪ್ಪಿಗೆ ಸಿಕ್ತು, ಆದ್ರೆ ಮೂರು ತಿಂಗಳು ಅಲ್ಲ ಎರಡೇ ತಿಂಗಳು, ಮತ್ತೆ ಸುಳ್ಳು ಅಲಾರ್ಮ್ ಎಷ್ಟು ಬಂತು ಅಂತ ಪ್ರತಿ ವಾರ ಬರ್ದು ಕೊಡ್ಬೇಕು.

ಎರಡು ತಿಂಗಳಲ್ಲಿ ಯಾವ ಬೇರಿಂಗೂ ಹೋಗದೇ ಇದ್ರೆ ಏನ್ ತೋರಿಸ್ಲಿ ಅನ್ನೋದು ಈಗಿನ ಚಿಂತೆ.

ನಿವೃತ್ತ ಜಿಎಂ:

ತುಂಬಾ ಖುಷಿಯಾಯ್ತು ತಮ್ಮಾ. ಆ ಚಿಂತೆನ ಈಗ್ಲೇ ಅವ್ರ ಮುಂದೆ ಇಡು, ಎರಡು ತಿಂಗಳು ಆದ್ಮೇಲೆ ಅಲ್ಲ. ಬೇರಿಂಗ್ ಹೋಗದೇ ಇದ್ರೆ ಯಾವುದನ್ನ ಯಶಸ್ಸು ಅಂತ ಲೆಕ್ಕ ಹಾಕ್ಬೇಕು ಅಂತ ಮೊದಲನೇ ವಾರದ ರಿಪೋರ್ಟಲ್ಲೇ ಕೇಳು. ಸರ್ವಿಸ್ ದಿನ ಬಿಚ್ಚಿದಾಗ ಸೆನ್ಸರ್ ಹೇಳಿದ ಸ್ಥಿತಿಗೂ ಕಣ್ಣಿಗೆ ಕಂಡ ಸ್ಥಿತಿಗೂ ತಾಳೆ ಆಯ್ತಾ ಅಂತ ಫೋಟೋ ಸಮೇತ ಬರ್ಕೊಂಡ್ರೆ ಅದೂ ಪುರಾವೆನೇ.

ಇನ್ನೊಂದು, ರಾತ್ರಿ ಶಿಫ್ಟ್ ಆಪರೇಟರ್ ಒಬ್ಬರನ್ನ ಈಗ್ಲೇ ಜೊತೆಗೆ ಸೇರಿಸ್ಕೋ. ಪಂಪ್ ಶಬ್ದ ಕೇಳಿಯೇ ಏನೋ ಸರಿ ಇಲ್ಲ ಅಂತ ಹೇಳೋರು ಪ್ರತಿ ಪ್ಲಾಂಟಲ್ಲೂ ಒಬ್ರಾದ್ರೂ ಇರ್ತಾರೆ.

ಪಂಪ್‌ಹೌಸ್ ಹುಡುಗ:

ಇದಾರೆ ಸರ್, 22 ವರ್ಷ ಸರ್ವಿಸ್. ಇವತ್ತು ರಾತ್ರಿ ಅವ್ರ ಶಿಫ್ಟೇ, ಹತ್ತು ಗಂಟೆಗೆ ಹೋಗಿ ನಾಲ್ಕೂ ಪಂಪ್ ಹತ್ರ ಅವ್ರ ಜೊತೆ ನಿಂತು ಕೇಳಿಸ್ಕೊಂಡು ಬರ್ತೀನಿ.